ತೊರಗಲ್ಲಿನ ವಸ್ತಿ ಗಾಡಿ

"ಸ್ಟ್ಯಾಂಡ್ ತೆಗದೈತಿ. ಯಾರ್ಯಾರು ಬಂದೀರಿ, ಹೇಳ್ರಿ."

ದಿನಾ ಮುಂಜಾನೆ ಏಳಕ್ಕೆ ಅವರು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ ಮೊದಲ ಸಾಲು ಇದು. ಕೆಲವು ವರ್ಷ ಇದನ್ನು ನಾನು ಓದಿದೆ. ಆಮೇಲೆ ಕೆಲವು ವರ್ಷ ಅವರ ಪರವಾಗಿ ನಾನೇ ಬರೆದೆ. ಮೊನ್ನೆ ನಿಮ್ಮ ಅಪ್ಪ ಅಂಗಡಿಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ, "ಆಯಿ, ನೀ ಯಾಕ ಒಳಗ ಹೋಗಿ ಕುಂತಿ?" ಎಂದು ಮೊಮ್ಮಕ್ಕಳು ನೀವು ಕೇಳಿದಿರಿ. ನಾನು ಒಲೆಯ ಮೇಲೆ ಹಾಲು ಇದೆ ಎಂದೆ. ಹಾಲು ಇರಲಿಲ್ಲ. ಇಂಥವನ್ನು ಬಾಯಿಬಿಟ್ಟು ಹೇಳುವುದು ನನಗೆ ಆಗುವುದಿಲ್ಲ. ಅದಕ್ಕೆ ಬರೆದಿಡುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ನನಗೆ ಗೊತ್ತಾದದ್ದೇ ಅವರು ತೀರಿಕೊಂಡ ಮೇಲೆ. ನಮಗೆಲ್ಲ ಅವರು ಕಂಟ್ರೋಲರ್ ಕಾಕಾ. ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಯಾವ ಗಾಡಿ ಬಂತು, ಯಾವುದು ಹೋಯಿತು ಎಂದು ಬರೆದುಕೊಂಡು ಮೈಕಿನಲ್ಲಿ ಕೂಗುವ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ರಿಟೈರಾದ ಮೇಲೆ ಮಗ ತಂದಿಟ್ಟ ಕಂಪ್ಯೂಟರಿನ ಮುಂದೆ ಕುಳಿತರು. ಕುಳಿತ ಜಾಗ ಬದಲಾಯಿತೇ ಹೊರತು ಕೆಲಸ ಬದಲಾಗಲಿಲ್ಲ ಎಂದು ಅವರ ಹೆಂಡತಿ ಹೇಳುತ್ತಿದ್ದರಂತೆ.

ನಿಮ್ಮ ಅಜ್ಜ ತೀರಿಕೊಂಡು ಏಳೆಂಟು ವರ್ಷಗಳಾಗಿದ್ದವು. ನಿಮ್ಮ ಅಪ್ಪ ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಲಗ್ನಪತ್ರಿಕೆ ತಯಾರಿಸುವ ಅಂಗಡಿ ಇಟ್ಟಿದ್ದ. ಅಲ್ಲಿಗೆ ಇಂಟರ್ನೆಟ್ ಬಂತು. ಒಂದು ದಿನ, "ಅವ್ವಾ, ನಮ್ಮ ಕಡೆ ಮಂದಿ ಏನೇನ ಬರೀತಾರ ನೋಡಿಲ್ಲಿ" ಎಂದು ಕರೆದು ತೋರಿಸಿದ. ಪುಣೆಯಲ್ಲಿ ನರ್ಸ್ ಆಗಿದ್ದ ಕಿತ್ತೂರಿನ ಒಬ್ಬ ಹುಡುಗಿ ಒಂದು ಗುಂಪು ಮಾಡಿದ್ದಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರ ಕಡೆಯವರು ಎಲ್ಲೇ ಇರಲಿ, ಅಲ್ಲಿ ಬಂದು ಮಾತಾಡಬಹುದು. ಅವಳು ಅದಕ್ಕೆ 'ನಾಲ್ಕೂರ ಕಟ್ಟಿ' ಎಂದು ಹೆಸರಿಟ್ಟಿದ್ದಳು. ಕಾಕಾ ಒಪ್ಪಲಿಲ್ಲ. "ಕಟ್ಟಿ ಅಂದ್ರ ಕುಂತಾವ್ರು ಕುಂತ ಇರತಾರ. ಇಲ್ಲಿ ಮಂದಿ ಬರತಾರ, ಹೋಗತಾರ. ಇದು ಸ್ಟ್ಯಾಂಡು" ಎಂದು ಬರೆದರು. ಅಂದಿನಿಂದ ಎಲ್ಲರೂ ಸ್ಟ್ಯಾಂಡ್ ಎಂದೇ ಅಂದರು.

ದೊಡ್ಡ ಮಾತು ಅಲ್ಲಿ ಇರುತ್ತಿರಲಿಲ್ಲ. ಇವತ್ತು ಏನು ಪಲ್ಯ, ಮಳೆ ಬಂತೇ, ಯಾರ ಮನೆಯ ಎಮ್ಮೆ ಕರು ಹಾಕಿತು, ರಾಮದುರ್ಗದಲ್ಲಿ ಗಿರಮಿಟ್ ಮಾಡುವ ಆ ಮುದುಕ ಇನ್ನೂ ಗಾಡಿ ಹಚ್ಚುತ್ತಾನೆಯೇ. ಇಷ್ಟೇ. ಯಾರಾದರೂ ರಾಜಕಾರಣ ತೆಗೆದರೆ ಕಾಕಾ ಬರೆಯುತ್ತಿದ್ದರು: "ಇಲೆಕ್ಷನ್ ಗಾಡಿ ಈ ಸ್ಟ್ಯಾಂಡಿನ್ಯಾಗ ನಿಲ್ಲೂದಿಲ್ಲ. ಮುಂದ ಹೋಗ್ರಿ."

ನಾನು ತೊರಗಲ್ಲಿನ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಐದರಲ್ಲಿ ಕಲಿಸಿದ್ದರು. ಆಗ ಕಂಪ್ಯೂಟರುಗಳಿಗೆ ಕನ್ನಡ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಎಲ್ಲರೂ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಬರೀ ಕಣ್ಣಿನಿಂದ ನೋಡಿದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಬಾಯಿಂದ ಅಂದರೆ, ಅಂದದ್ದು ಕಿವಿಗೆ ಬಿದ್ದರೆ, ಆಗ ಅದು ನಮ್ಮ ಮಾತು ಎಂದು ಗೊತ್ತಾಗುತ್ತಿತ್ತು. ಹಾಗಾಗಿ ಮುಂಜಾನೆ ಅಂಗಡಿ ತೆಗೆಯುವ ಮೊದಲು ಕಸ ಗುಡಿಸಲು ಹೋದವಳು ಕಸಬರಿಗೆ ಬದಿಗಿಟ್ಟು, ಸಣ್ಣ ದನಿಯಲ್ಲಿ ಓದುತ್ತ ನಿಲ್ಲುತ್ತಿದ್ದೆ. ನಿಮ್ಮ ಅವ್ವ ಒಳಗಿಂದ, "ಅತ್ತಿ, ಯಾರ ಜೋಡಿ ಮಾತಾಡಾಕ ಹತ್ತೀರಿ?" ಎನ್ನುತ್ತಿದ್ದಳು.

ನಿಮ್ಮ ಅಪ್ಪ ನನ್ನನ್ನೂ ಆ ಗುಂಪಿನಲ್ಲಿ ಸೇರಿಸಿಬಿಟ್ಟಿದ್ದ. ಸೇರಿದವರಿಗೆಲ್ಲ ಕಾಕಾ ಸೀಟ್ ನಂಬರ್ ಕೊಡುತ್ತಿದ್ದರು. ನನ್ನದು ಹದಿನಾಲ್ಕು. ವರ್ಷವಾದರೂ ನಾನು ಒಂದಕ್ಷರ ಬರೆಯಲಿಲ್ಲ. ಬರೆಯಬೇಕೆಂದು ಅನಿಸುತ್ತಿತ್ತು, ಕೈ ಏಳುತ್ತಿರಲಿಲ್ಲ. ಗುರುತಿಲ್ಲದ ಅಷ್ಟು ಗಂಡಸರ ನಡುವೆ ನಾನು ಏನು ಮಾತಾಡುವುದು? ಯಾರೋ ಒಬ್ಬರು ಒಂದು ದಿನ, "ಈ ಹದಿನಾಲ್ಕನೇ ನಂಬರ್ ಯಾರು? ಸುಮ್ನ ಕುಂತು ಕೇಳ್ತಾರ. ಮಾತಾಡದವರನ್ನ ತಗದು ಹಾಕ್ರಿ" ಎಂದು ಬರೆದರು. ಗೋಡೆಗೆ ಕಿವಿಯಿಟ್ಟು ಸಿಕ್ಕಿಬಿದ್ದ ಹಾಗೆ ಆಯಿತು.

ಕಾಕಾ ಬರೆದರು: "ಕಿಟಕಿ ಸೀಟಿನವರು ಮಾತಾಡೂದಿಲ್ಲ, ಹೊರಗ ನೋಡತಾರ. ಬಸ್ಸಿನ್ಯಾಗ ಅಂಥವರೂ ಬೇಕು. ಅವರ ಪಾಡಿಗೆ ಅವರನ್ನ ಬಿಡ್ರಿ."

ನನಗೆ ಆ ಮನುಷ್ಯನ ಮೇಲೆ ವಿಶ್ವಾಸ ಹುಟ್ಟಿದ್ದು ಆ ದಿನ. ಅವರಿಗೆ ನಾನು ಹೆಣ್ಣೋ ಗಂಡೋ ಅದೂ ಗೊತ್ತಿರಲಿಲ್ಲ.

ಕೊನೆಗೆ ನಾನು ಬಾಯಿ ಬಿಟ್ಟದ್ದು ಸಿಟ್ಟಿಗೆ. ಕಟಕೋಳದವನೊಬ್ಬ ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಿದ್ದ. ಎಲ್ಲರೂ ಅವನನ್ನು ಮಸ್ಕತ್ ಭಾಯಿ ಎನ್ನುತ್ತಿದ್ದರು. ಊರಿಗೆ ಬಂದಾಗ ಜೋಳದ ಹಿಟ್ಟು ಒಯ್ದಿದ್ದ. "ರೊಟ್ಟಿ ತಟ್ಟಿದ್ರ ಒಡೀತಾವ್ರಿ, ಏನ ಮಾಡ್ಲಿ?" ಎಂದು ಕೇಳಿದ. ಒಬ್ಬರು ಎಣ್ಣೆ ಹಾಕು ಎಂದರು. ಒಬ್ಬರು ಮೈದಾ ಕೂಡಿಸು ಎಂದರು. ಇನ್ನೊಬ್ಬರು ಹಿಟ್ಟನ್ನು ಫ್ರಿಜ್ಜಿನಲ್ಲಿ ಇಡು ಎಂದರು. ಎಲ್ಲರೂ ಗಂಡಸರು, ಒಬ್ಬರೂ ರೊಟ್ಟಿ ತಟ್ಟಿದವರಲ್ಲ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಕುಳಿತು, ಒಂದೊಂದೇ ಅಕ್ಷರ ಹುಡುಕಿ, ಒಂದು ಸಾಲು ಒತ್ತಿದೆ: "ನೀರು ಕುದಿಬೇಕು. ಬಿಸಿ ಇದ್ದಾಗ ನಾದಬೇಕು." ಅರ್ಧ ತಾಸು ಹಿಡಿಯಿತು.

ಕಾಕಾ ಕೂಡಲೇ ಬರೆದರು: "ಹದಿನಾಲ್ಕನೇ ಸೀಟು ಮಾತಾಡೇತಿ. ಉಳದಾವ್ರು ಬಾಯಿ ಮುಚ್ಚರಿ."

ಸಂಜೆ ಮಸ್ಕತ್ ಭಾಯಿ ಬರೆದ: "ಬಂತ್ರಿ ಅಕ್ಕಾರ, ರೊಟ್ಟಿ ಬಂತ್ರಿ. ಆಕಾರ ಮಾತ್ರ ಒಮಾನ್ ನಕಾಶೆಗತೆ ಐತಿ." ಅಕ್ಕಾರು ಎಂಬ ಹೆಸರು ನನಗೆ ಹತ್ತಿದ್ದು ಹೀಗೆ.

ಕಾಕಾ ಬಗ್ಗೆ ಹೇಳುವುದೆಂದರೆ, ಅವರು ಎಲ್ಲವನ್ನೂ ಗಾಡಿಯಲ್ಲಿ ಅಳೆಯುತ್ತಿದ್ದರು. ಚಹಾ ಕುದಿಯಲು ಎಷ್ಟು ಹೊತ್ತು ಎಂದರೆ "ಗಾಡಿ ರಿವರ್ಸ್ ತಗೊಂಡು ಅಂಕಣಕ್ಕ ಹಚ್ಚೂವಷ್ಟು" ಎನ್ನುವರು. ತಡವಾಗಿ ಮದುವೆಯಾದವರನ್ನು "ಪಂಕ್ಚರ್ ಆಗಿ ಬಂದಾನ, ಬಂದದ್ದು ದೊಡ್ಡದು" ಎನ್ನುವರು. ಅವರಲ್ಲಿ ಹಟವೂ ಇತ್ತು. ಸವದತ್ತಿ ಸ್ಟ್ಯಾಂಡಿಗಿಂತ ರಾಮದುರ್ಗದ ಸ್ಟ್ಯಾಂಡು ಸ್ವಚ್ಛ ಎಂದು ಯಾರೋ ಅಂದದ್ದಕ್ಕೆ ಎಂಟು ದಿನ ಅವರ ಮಾತಿಗೆ ಉತ್ತರ ಕೊಡಲಿಲ್ಲ. ಹೇಳದೆ ಕೇಳದೆ ಮಾಯವಾಗುವವರನ್ನಂತೂ ಅವರು ಬಿಡುತ್ತಿರಲಿಲ್ಲ. "ತಡ ಆದ್ರ ನಡೀತೈತಿ. ರದ್ದಾದ್ರ ಮೊದಲ ಹೇಳಬೇಕು. ಮಂದಿ ಗಂಟು ತೊಡಿಮ್ಯಾಲೆ ಇಟಗೊಂಡು ಕಾಯತಿರತಾರ." ಹೊಸಬನೊಬ್ಬ ಎರಡು ದಿನ ಹೇಳದೆ ತಪ್ಪಿಸಿದ್ದಕ್ಕೆ ಎಲ್ಲರೆದುರು ಬೈದರು. ಅವನು ಮತ್ತೆ ಬರಲೇ ಇಲ್ಲ. ಅದನ್ನು ಅವರು ವರ್ಷಗಟ್ಟಲೆ ಹೇಳಿಕೊಂಡು ಮರುಗಿದರು.

ರಾಮದುರ್ಗದ ಸಾಲೆಯಲ್ಲಿ ಕಲಿಸುವ ಹೆಣ್ಣುಮಗಳೊಬ್ಬರು ಇದ್ದರು, ಎಲ್ಲರಿಗೂ ಬಾಯಾರು. ಕಾಕಾರಿಗೆ ಎದುರು ಮಾತಾಡುವವರು ಅವರೊಬ್ಬರೇ. ಬಾಯಾರು ಎಂಟಕ್ಕೆ ಬಂದರೆ ಕಾಕಾ, "ಒಂದ ತಾಸ ತಡ" ಎಂದು ಬರೆಯುವರು. ಬಾಯಾರು, "ನಿಮ್ಮ ಗಡಿಯಾರ ಸರಕಾರದ್ದು ಐತಿ. ರಿಟೈರಾದ ಮ್ಯಾಲೆ ವಾಪಸ್ ಕೊಡಬೇಕಿತ್ತು" ಎನ್ನುವರು. ನಾನು ಒಬ್ಬಳೇ ಕಸದ ನಡುವೆ ನಿಂತು ನಗುತ್ತಿದ್ದೆ.

ಒಂದು ಸಂಕ್ರಾಂತಿಗೆ ನಾನು ಎಳ್ಳು ಹಚ್ಚಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿಯಲ್ಲಿ ಕಟ್ಟಿ ಸವದತ್ತಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದೆ. ಕಾಕಾರಿಗೆ ಸಕ್ಕರೆ ಕಾಯಿಲೆ ಇತ್ತು, ಸಿಹಿ ಕಳಿಸುವ ಹಾಗಿರಲಿಲ್ಲ. ನಮ್ಮಲ್ಲಿ ಬಂದ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡುವುದಿಲ್ಲ, ನಿಮಗೆ ಗೊತ್ತು. ಮರುದಿನ ಅದೇ ಬಸ್ಸಿಗೆ ಡಬ್ಬಿ ತಿರುಗಿ ಬಂತು. ಒಳಗೆ ಮಡಿಸಿದ ಒಂದು ದೊಡ್ಡ ಹಾಳೆ. ಸವದತ್ತಿ ಸ್ಟ್ಯಾಂಡಿನಿಂದ ಹೊರಡುವ ಎಲ್ಲ ಗಾಡಿಗಳ ವೇಳೆ, ಅವರ ಕೈಬರಹದಲ್ಲಿ. ಅಚ್ಚು ಹಾಕಿದ ಹಾಗೆ ದುಂಡಗಿನ ಅಕ್ಷರ. ಮೇಲೆ ನೀಲಿ ಶಾಯಿ, ಕೆಳಗೆ ಕೆಂಪು ಶಾಯಿಯಲ್ಲಿ ನಾಲ್ಕೈದು ಸಾಲು. ನಾನು ಬೈಲಹೊಂಗಲದ ಸಾಲನ್ನಷ್ಟೇ ಓದಿಕೊಂಡು, ಅಡಿಗೆಮನೆಯ ಕಪಾಟಿನ ಬಾಗಿಲಿಗೆ ಹಚ್ಚಿದೆ. ನೀವು ಚಿಕ್ಕವರಿದ್ದಾಗ ಅದರ ಮೇಲೆ ಅರಿಸಿನದ ಕೈ ಒತ್ತಿದ್ದೀರಿ. ಅದೇ ಹಾಳೆ.

ಆಮೇಲೆ ಒಂದು ಸಲ ನಾಲ್ಕು ದಿನ ಸ್ಟ್ಯಾಂಡ್ ತೆರೆಯಲಿಲ್ಲ. ಮುಂಜಾನೆ ಏಳಾಯಿತು, ಎಂಟಾಯಿತು, ಕಾಕಾ ಇಲ್ಲ. ಹೇಳದೆ ತಪ್ಪಿಸುವವರೇ ಅಲ್ಲ. ಕಿತ್ತೂರಿನ ಹುಡುಗಿ ಅವರ ಮನೆಯ ಫೋನ್ ನಂಬರನ್ನು ಹೇಗೋ ಪತ್ತೆ ಮಾಡಿ ನನಗೆ ಕಳಿಸಿದಳು. "ಅಕ್ಕಾರ, ನೀವ ಹತ್ತರ ಇದ್ದೀರಿ. ನೀವ ಮಾಡ್ರಿ" ಎಂದಳು. ನಾನು ಪರಗಂಡಸರ ಜೊತೆ ಫೋನಿನಲ್ಲಿ ಮಾತಾಡಿದವಳೇ ಅಲ್ಲ. ನಿಮ್ಮ ಅಜ್ಜ ಇದ್ದಾಗಲೂ ಫೋನ್ ಬಂದರೆ ಎತ್ತಿ "ಅವರಿಲ್ರಿ" ಎಂದು ಇಡುತ್ತಿದ್ದೆ. ನಿಮ್ಮ ಅಪ್ಪನಿಗೆ ಹೇಳಿದೆ. ಅವನು ನಂಬರ್ ಒತ್ತಿ, ಅತ್ತ ಗಂಟೆ ಹೊಡೆಯಲು ಹತ್ತಿದ ಕೂಡಲೇ, ನನ್ನ ಕೈಯಲ್ಲಿ ಕೊಟ್ಟು ಹೊರಗೆ ಹೋಗಿಬಿಟ್ಟ.

ಅವರ ಸೊಸೆ ಎತ್ತಿದಳು. ಯಾರೆಂದು ಕೇಳಿದಳು. ನನಗೆ ಏನು ಹೇಳಬೇಕೋ ತಿಳಿಯದೆ, "ಹದಿನಾಲ್ಕನೇ ಸೀಟು ಅಂತ ಹೇಳವಾ" ಎಂದೆ. ಆ ಕಡೆ ಕುರ್ಚಿ ಸರಿದ ಸಪ್ಪಳ ಬಂತು.

"ಅಕ್ಕಾರ?"

ಆ ದನಿ ನನಗೆ ಗೊತ್ತಿತ್ತು. ಇಪ್ಪತ್ತು ವರ್ಷ ತವರಿಗೆ ಹೋಗುವಾಗ, ಬರುವಾಗ, ಮಕ್ಕಳನ್ನು ಎತ್ತಿಕೊಂಡು, ಗಂಟು ಇಟ್ಟುಕೊಂಡು ಸವದತ್ತಿ ಸ್ಟ್ಯಾಂಡಿನಲ್ಲಿ ಕುಳಿತು ಕೇಳಿದ ದನಿ. 'ಮೂರನೇ ಅಂಕಣ, ತೊರಗಲ್ ವಸ್ತಿ ಗಾಡಿ' ಎಂದು ಅದು ಕೂಗಿದರೆ ನಾನು ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಸಂಜೆ ಆರೂವರೆಗೆ ಹೊರಟು, ರಾತ್ರಿ ತೊರಗಲ್ಲಿನಲ್ಲೇ ತಂಗಿ, ಬೆಳಿಗ್ಗೆ ತಿರುಗಿ ಬರುವ ಬಸ್ಸು ಅದು. ಅದಕ್ಕೇ ವಸ್ತಿ ಗಾಡಿ. ನನ್ನ ಅಣ್ಣ ತೊರಗಲ್ಲಿನ ಮನೆ ಬಿಟ್ಟು ಬೇರೆ ಊರಿಗೆ ಹೋದ ಮೇಲೆ ನಾನು ಆ ಗಾಡಿ ಹತ್ತಿರಲಿಲ್ಲ.

"ಕಣ್ಣು ಹೋದೂವ್ರಿ ಅಕ್ಕಾರ," ಎಂದರು ಕಾಕಾ. "ಸಕ್ಕರಿ ತಿಂದು ಹಾಕೇತಿ. ಅಂಚಿನ್ಯಾಗ ಒಂಚೂರು ಬೆಳಕು ಐತಿ, ಅಷ್ಟ. ಡಾಕ್ಟರ್ ಇನ್ನ ಬರೂದಿಲ್ಲ ಅಂದ್ರು. ನಾಕ ದಿನ ಹೇಳದ ರದ್ದ ಮಾಡೇನಿ. ಮಂದಿ ಏನಂದ್ರು?"

"ಕಾಯಾಕ ಹತ್ತ್ಯಾರ್ರಿ" ಎಂದೆ.

ಆಮೇಲೆ ಅವರು, "ಸೊಸಿಗೆ ಓದು ಅಂದ್ರ ಲೈಟ್ ಬಿಲ್ ಓದಿದಂಗ ಓದತಾಳ್ರಿ. ಪಾಪ, ಆಕೀದೇನೂ ತಪ್ಪಿಲ್ಲ, ಹೊಲಿಗಿ ಕೆಲಸ ಬಿಟ್ಟು ಬಂದು ಕುಂದರತಾಳ. ಮಗ ಕಂಡಕ್ಟರ್, ನಸುಕಿನ್ಯಾಗ ಹೋಗತಾನ" ಎಂದರು.

ನಾನು ಹೇಗೆ ಅಂದೆನೋ ನನಗೇ ಗೊತ್ತಿಲ್ಲ. "ನಾ ಓದಲೇನ್ರಿ?" ಎಂದೆ.

ಆ ದಿನದಿಂದ ಮುಂಜಾನೆ ಏಳಕ್ಕೆ ಅವರ ಸಾಲನ್ನು ನಾನು ಒತ್ತುತ್ತಿದ್ದೆ. ಅಡಿಗೆ ಮುಗಿಸಿ ಹನ್ನೊಂದಕ್ಕೆ ಫೋನ್ ಮಾಡಿ, ಯಾರ್ಯಾರು ಏನೇನು ಬರೆದಿದ್ದಾರೆ ಎಂದು ಓದಿ ಹೇಳುತ್ತಿದ್ದೆ. ಬಾಯಿಬಿಟ್ಟು ಓದುವುದು ಮೊದಲಿಂದ ರೂಢಿ ಇತ್ತು. ಈಗ ಕೇಳುವವರು ಸಿಕ್ಕರು, ಅಷ್ಟೇ. ಮಸ್ಕತ್ ಭಾಯಿಯದು ಬಂದರೆ ಅವನ ಹಾಗೆ ಎಳೆದು, ಬಾಯಾರದು ಬಂದರೆ ಚುರುಕಾಗಿ ಓದುತ್ತಿದ್ದೆ. ಕಾಕಾ ಉತ್ತರ ಹೇಳುವರು, ನಾನು ಬರೆದುಕೊಂಡು ಒತ್ತುವೆ. ಮನೆಯವರೆದುರು ಜೋರಾಗಿ ಮಾತಾಡದ ನಾನು, ಫೋನಿನಲ್ಲಿ ಬಾಯಾರ ಪರವಾಗಿ ಕಾಕಾರನ್ನು ಬೈಯುತ್ತಿದ್ದೆ. ನಿಮ್ಮ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಮಂದಿ ಕಡಿಮೆಯಾಗುತ್ತ ಹೋದರು. ಯಾರೂ ಜಗಳವಾಡಿ ಹೋಗಲಿಲ್ಲ. ಮಸ್ಕತ್ ಭಾಯಿಗೆ ಬೇರೆ ಕಡೆ ಕೆಲಸವಾಯಿತು, ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಕಿತ್ತೂರಿನ ಹುಡುಗಿಗೆ ಅವಳಿಜವಳಿ ಮಕ್ಕಳಾದವು. ಉಳಿದವರು ಫೋಟೋ ಹಾಕುವ ಹೊಸ ಹೊಸ ಜಾಗಗಳಿಗೆ ಹೋದರು. ಬಾಯಾರಿಗೆ ಹುಬ್ಬಳ್ಳಿಗೆ ವರ್ಗವಾಯಿತು, ವಾರಕ್ಕೊಮ್ಮೆ ಬಂದರು, ತಿಂಗಳಿಗೊಮ್ಮೆ ಬಂದರು, ಆಮೇಲೆ ಇಲ್ಲ. ದಿನಕ್ಕೆ ಇಪ್ಪತ್ತು ಮಾತು ಇದ್ದದ್ದು ಐದಾಯಿತು, ಒಂದಾಯಿತು. ಒಂದು ದಿನ ಮುಂಜಾನೆ ನಾನು ಒತ್ತಿದ 'ಸ್ಟ್ಯಾಂಡ್ ತೆಗದೈತಿ' ಎಂಬ ಸಾಲಿನ ಕೆಳಗೆ ಏನೂ ಇರಲಿಲ್ಲ. ಹಿಂದಿನ ದಿನದ ಅದೇ ಸಾಲಿನ ಕೆಳಗೂ ಇರಲಿಲ್ಲ.

ಹನ್ನೊಂದಕ್ಕೆ ಫೋನ್ ಮಾಡಿದೆ.

"ಸ್ಟ್ಯಾಂಡ್ ತುಂಬೈತೇನ್ರಿ ಅಕ್ಕಾರ ಇವತ್ತ?" ಎಂದರು ಕಾಕಾ.

ಇಲ್ಲ ಎಂದರೆ ಮುಗಿಯಿತು. ಓದುವುದಕ್ಕೆ ಏನೂ ಇಲ್ಲದಿದ್ದರೆ ನಾನು ಅವರಿಗೆ ಫೋನ್ ಮಾಡುವುದಕ್ಕೂ ಕಾರಣ ಇಲ್ಲ. ಕಣ್ಣು ಹೋದ ಮನುಷ್ಯ ಗೋಡೆಗೆ ಒರಗಿ ಕುಳಿತಿರುತ್ತಾರೆ. ನನಗೂ ಅಡಿಗೆಯಾದ ಮೇಲೆ ಏನಿದೆ?

"ತುಂಬೈತ್ರಿ" ಎಂದೆ.

ನನ್ನ ಬಾಯಿಂದ ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನಾನು ತಿಳಿದಿರಲಿಲ್ಲ. ಮಸ್ಕತ್ ಭಾಯಿಗೆ ಒಂಟೆ ಅಡ್ಡ ಬಂತು ಎಂದೆ. ಬಾಯಾರ ಮನೆಯ ಬೆಕ್ಕು ಮರಿ ಹಾಕಿತು ಎಂದೆ. ಆ ದಿನ ಕಾಕಾ ಬಹಳ ನಕ್ಕರು. ಸುಳ್ಳು ಹೇಳಿದ ಹೆದರಿಕೆಗೆ ಮರುದಿನ ಫೋನ್ ಮಾಡಲಿಲ್ಲ. ಅದರ ಮರುದಿನ ಸೊಸೆಯೇ ಫೋನ್ ಮಾಡಿ, "ಮಾವಾರು ನಿನ್ನಿಂದ ಕುರ್ಚಿ ಬಿಟ್ಟು ಎದ್ದಿಲ್ರಿ" ಎಂದಳು. ಅಂದಿನಿಂದ ತಪ್ಪಿಸಲಿಲ್ಲ.

ಸುಳ್ಳು ಹೇಳುವುದು ಸುಲಭ, ನೆನಪಿಡುವುದು ಕಷ್ಟ. ಬಾಯಾರನ್ನು ನಾನು ಬಹಳ ಓಡಾಡಿಸಿದೆ. ಒಂದು ದಿನ ಮಾತಿಗೆ ಮಾತು ಬೆಳೆದು, "ಬಾಯಾರು ನಿನ್ನಿ ಸವದತ್ತಿಗೆ ಬಂದಿದ್ರಂತ್ರಿ, ಆಫೀಸ್ ಕೆಲಸಕ್ಕ" ಎಂದುಬಿಟ್ಟೆ.

"ಸವದತ್ತಿಗೆ ಬಂದು ನಮ್ಮ ಮನಿಗೆ ಬರಲಿಲ್ಲ?" ಎಂದರು ಕಾಕಾ. ಅವರ ದನಿಯಲ್ಲಿ ನೋವು ಇತ್ತು.

ನನಗೆ ದಿಕ್ಕು ತೋಚಲಿಲ್ಲ. "ಬರಬೇಕಂತ ಮಾಡಿದ್ರಂತ್ರಿ. ಕೆಲಸ ಮುಗಿಯೂದ್ರಾಗ ಹೊತ್ತಾತಂತ. ಅವರ ಚಿಗವ್ವ ತೊರಗಲ್ಲಿನ್ಯಾಗ ಇರತಾರ, ಅಲ್ಲಿಗೆ ಹೋಗೂದಿತ್ತು. ವಸ್ತಿ ಗಾಡಿ ಹೊರಡಾಕ ನಿಂತಿತ್ತಂತ, ಓಡಿಹೋಗಿ ಹತ್ತಿದ್ರಂತ."

"ತೊರಗಲ್ ವಸ್ತಿ ಗಾಡಿ?"

"ಹೌದ್ರಿ. ಆರೂವರಿದು."

ಆ ಕಡೆ ಬಹಳ ಹೊತ್ತು ಸಪ್ಪಳವಿರಲಿಲ್ಲ. ಲೈನ್ ಹೋಯಿತೇನೋ ಎಂದುಕೊಂಡೆ.

"ಸೀಟ್ ಸಿಕ್ಕತಂತೇನು?" ಎಂದರು.

"ಸಿಕ್ಕತಂತ್ರಿ."

"ಎಂಥಾದ್ದು?"

"ಕಿಟಕಿ ಕಡೇದು."

"ಹಂಗಾರ ಛಲೋ ಆತು," ಎಂದರು ಕಾಕಾ. "ಕಿಟಕಿ ಸೀಟ್ ಸಿಕ್ರ ದಾರಿ ಕಾಣತೈತಿ. ಏನೇನ ನೋಡಿದ್ರಂತ, ಸಾವಕಾಶ ಹೇಳ್ರಿ. ನನಗೇನೂ ಗಡಿಬಿಡಿ ಇಲ್ಲ."

ನಾನು ಹೇಳಿದೆ. ಬಸ್ಸು ಊರು ಬಿಟ್ಟ ಮೇಲೆ ಬೇವಿನ ಮರಗಳು, ಕತ್ತಲಾಗುವ ಮೊದಲು ಕೋಟೆಯ ಗೋಡೆ ಮೊದಲು ಕಾಣುವ ತಿರುವು, ಅಲ್ಲಿ ಹೆಣ್ಣುಮಕ್ಕಳೆಲ್ಲ ಕೂಸುಗಳನ್ನು ಎಬ್ಬಿಸುವುದು. ಅದರ ಮರುದಿನ ಕಾಕಾ ತಾವೇ ಕೇಳಿದರು: "ಬಾಯಾರು ತೊರಗಲ್ಲಿನ್ಯಾಗ ಅದಾರೋ, ತಿರುಗಿ ಬಂದ್ರೋ?" ಇನ್ನೂ ಇದ್ದಾರೆ ಎಂದೆ. ಆಮೇಲೆ ಅವರು ದಿನಾ ತೊರಗಲ್ಲನ್ನೇ ಕೇಳುತ್ತಿದ್ದರು. ಮಸ್ಕತ್ ಭಾಯಿಯ ಒಂಟೆ ಹಿಂದೆ ಬಿತ್ತು.

ಬಾಯಾರ ಹೆಸರಿನಲ್ಲಿ ನಾನು ಎಲ್ಲ ಹೇಳಿದೆ. ಕೋಟೆಯ ಗೋಡೆಯ ಸಂದಿಯಲ್ಲಿ ನಾವು ಹುಡುಗಿಯರು ಕಲ್ಲು ಬಚ್ಚಿಟ್ಟದ್ದು. ಏಳನೆಯ ಇಯತ್ತೆ ಆದ ಮೇಲೆ ಮಾಸ್ತರರು ಮನೆಗೆ ಬಂದು, "ಹುಡುಗಿ ಶಾಣ್ಯಾ ಅದಾಳ, ರಾಮದುರ್ಗಕ್ಕ ಕಳಸ್ರಿ" ಎಂದದ್ದು, ಅಪ್ಪ ಅವರಿಗೆ ಚಹಾ ಕೊಟ್ಟು ಕಳಿಸಿದ್ದು. ಅವ್ವ ತೀರಿಕೊಂಡ ದಿನ ವಸ್ತಿ ಗಾಡಿಯಲ್ಲಿ ನಿಂತುಕೊಂಡೇ ಹೋದದ್ದು. ನಿಮ್ಮ ಅಜ್ಜನಿಗೂ ನಾನು ಹೇಳಿರದ ಮಾತುಗಳು. 'ಬಾಯಾರು ಅಂದ್ರು', 'ಬಾಯಾರ ಚಿಗವ್ವ ಅಂದ್ರು' ಎಂದು ಸೇರಿಸಿಬಿಟ್ಟರೆ ನನಗೆ ನಾಚಿಕೆ ಆಗುತ್ತಿರಲಿಲ್ಲ. ಕಾಕಾ ನಡುನಡುವೆ ಒಂದೇ ಮಾತು ಕೇಳುವರು: "ಆಮ್ಯಾಲೆ?" ಮಾಸ್ತರರ ವಿಷಯ ಹೇಳಿದ ದಿನ ಮಾತ್ರ, "ಆ ಹುಡುಗಿ ಅತ್ತಿರಬೇಕು" ಎಂದರು. ಬಾಯಾರು ಅದನ್ನು ಬರೆದಿಲ್ಲ ಎಂದೆ. "ಬರಿಯೂದಿಲ್ಲ ಬಿಡ್ರಿ" ಎಂದರು.

ನಿಮಗೆ ನಾನು ಹೇಳಿದ ತೊರಗಲ್ಲಿನ ಕತೆಗಳೆಲ್ಲ ಮೊದಲು ಅವರಿಗೆ ಹೇಳಿದವು. ಅವರಿಗೆ ಹೇಳಿ ರೂಢಿಯಾಗದಿದ್ದರೆ ನಿಮಗೂ ಹೇಳುತ್ತಿರಲಿಲ್ಲ.

ಒಂದು ದಿನ ಮಾತು ಮುಗಿದ ಮೇಲೆ ಅವರು, "ನಾಳೆ ಫೋನ್ ಮಾಡಬ್ಯಾಡ್ರಿ ಅಕ್ಕಾರ. ದವಾಖಾನಿಗೆ ಕರಕೊಂಡು ಹೋಗತಾರಂತ. ಮೊದಲ ಹೇಳೇನಿ ನೋಡ್ರಿ, ಆಮ್ಯಾಲೆ ಬೈಬ್ಯಾಡ್ರಿ" ಎಂದರು. ನಾಡಿದ್ದು ಮಾಡುತ್ತೇನೆ ಎಂದೆ. ನಾಡಿದ್ದು ಸೊಸೆ ಫೋನ್ ಎತ್ತಿದಳು, ಹಿಂದೆ ಹೆಣ್ಣುಮಕ್ಕಳ ಅಳು ಕೇಳಿಸಿತು. ನನಗೆ ತಿಳಿಯಿತು.

ಮರುದಿನ ಮುಂಜಾನೆ ಸ್ಟ್ಯಾಂಡಿನಲ್ಲಿ ಕಾಕಾ ಹೋದರೆಂದು ಬರೆದೆ. ಯಾರು ನೋಡುತ್ತಾರೆ ಎಂದು ಬರೆದದ್ದಲ್ಲ, ಹೇಳಬೇಕು ಎಂದು ಬರೆದದ್ದು. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಬಂದರು. ಮಸ್ಕತ್ ಭಾಯಿ ಯಾರದೋ ಕಂಪ್ಯೂಟರಿನಿಂದ ಬರೆದ. ಕಿತ್ತೂರಿನ ಹುಡುಗಿ ಬರೆದಳು. ಎಲ್ಲರೂ ತಮ್ಮ ಸೀಟ್ ನಂಬರ್ ಬರೆದು, ಮುಂದೆ 'ಹಾಜರ್' ಎಂದು ಹಾಕಿದರು. ಬಾಯಾರು ಹುಬ್ಬಳ್ಳಿಯಿಂದ ನನಗೆ ಫೋನ್ ಮಾಡಿ, "ಮನಿಗೆ ಹೋಗಿ ಬರೂಣು ನಡೀರಿ ಅಕ್ಕಾರ" ಎಂದರು.

ಮೂರನೆಯ ದಿನ ಸವದತ್ತಿ ಸ್ಟ್ಯಾಂಡಿನಲ್ಲಿ ಬಾಯಾರನ್ನು ಮೊದಲ ಸಲ ನೋಡಿದೆ. ನಾನು ಅಂದುಕೊಂಡಷ್ಟು ಎತ್ತರ ಇರಲಿಲ್ಲ. ಮನೆಗೆ ಹೋದೆವು. ಕಾಕಾರ ಹೆಂಡತಿ, ಅವರನ್ನು ಕಾಕು ಎನ್ನೋಣ, ಕಂಬಕ್ಕೆ ಒರಗಿ ಕುಳಿತಿದ್ದರು. ಫೋನಿನ ಹತ್ತಿರ ಒಂದು ಖಾಲಿ ಕುರ್ಚಿ ಇತ್ತು. ಬಾಯಾರು ತಾವು ರಾಮದುರ್ಗದ ಸಾಲೆಯಲ್ಲಿ ಇದ್ದವರು ಎಂದು ಗುರುತು ಹೇಳಿದರು. ಕಾಕು ಮುಖ ಎತ್ತಿದರು.

"ತೊರಗಲ್ಲಿಗೆ ಹೋಗೂ ಬಾಯಾರು ನೀವ ಏನ್ರಿ?"

"ನಾ ತೊರಗಲ್ಲಿಗೆ ಒಮ್ಮಿನೂ ಹೋಗಿಲ್ಲಲ್ಲರಿ" ಎಂದರು ಬಾಯಾರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸತ್ತವರ ಮನೆಯಲ್ಲಿ, ಅವರ ಹೆಂಡತಿಯ ಎದುರು, ನನ್ನ ಎರಡು ವರ್ಷದ ಸುಳ್ಳು ಬಿಚ್ಚಿ ಬಿತ್ತು. ಸೆರಗು ಬಾಯಿಗೆ ಇಟ್ಟುಕೊಂಡು ಕೆಳಗೆ ನೋಡಿದೆ. ಕಾಕು ನನ್ನ ಕೈ ಹಿಡಿದು ಹತ್ತಿರ ಕೂಡಿಸಿಕೊಂಡರು.

"ಗೊತ್ತೈತ್ರಿ. ಅವರಿಗೂ ಗೊತ್ತಿತ್ತು," ಎಂದರು. "ನೀವು ವಸ್ತಿ ಗಾಡಿ ಅಂದ ದಿನ ಫೋನ್ ಇಟ್ಟು ನನ್ನ ಕರದ್ರು. 'ಲೇ, ತೊರಗಲ್ ವಸ್ತಿ ಗಾಡಿ ನಿಂತು ಎಷ್ಟ ವರ್ಷ ಆತು? ರಿಟೈರ್ ಆಗೂಕಿಂತ ಮೊದಲ ನಾನ ಬೋರ್ಡಿನ ಮ್ಯಾಲೆ ಕಾಟು ಹೊಡದೇನಿ' ಅಂದ್ರು. ಅಂದ್ರ ಅಕ್ಕಾರು ಸುಳ್ಳ ಹೇಳಾಕ ಹತ್ತ್ಯಾರೇನ್ರಿ, ಅಂದೆ. 'ಸ್ಟ್ಯಾಂಡ್ ಖಾಲಿ ಆಗೇತಿ, ಆ ತಾಯಿ ತಾನ ಗಾಡಿ ಓಡಸಾಕ ಹತ್ತ್ಯಾಳ' ಅಂದ್ರು. ಕೇಳಿಬಿಡ್ರಿ ಹಂಗಾರ, ಅಂದೆ. 'ಕೇಳಿದ್ರ ನಿಂದರತೈತಿ. ಓಡಸ್ಲಿ ಬಿಡು. ನಾನೂ ಒಂದ ಸೀಟ್ ಹಿಡದೇನಿ' ಅಂದ್ರು."

ಬಾಯಾರಿಗೆ ತಿಳಿಸಿ ಹೇಳಬೇಕಾಯಿತು. ಎಲ್ಲ ಕೇಳಿ ಅವರು, "ನನ್ನ ಬೆಕ್ಕಿಗೆ ಎಷ್ಟ ಮರಿ ಆದೂವ್ರಿ ಅಕ್ಕಾರ?" ಎಂದರು. ಕಾಕು ನಕ್ಕರು. ನಗುತ್ತ ಅತ್ತರು. ನಾನೂ.

ಸಂಜೆ ಬೈಲಹೊಂಗಲಕ್ಕೆ ಬಂದು, ಕಾಲು ತೊಳೆದು, ಚಹಾಕ್ಕೆ ನೀರಿಟ್ಟೆ. ಸಕ್ಕರೆ ತೆಗೆಯಲು ಕಪಾಟಿನ ಬಾಗಿಲು ಹಿಡಿದಾಗ ಆ ಹಾಳೆ ಕಣ್ಣಿಗೆ ಬಿತ್ತು. ಐದು ವರ್ಷ ದಿನಾ ನಾಲ್ಕು ಸಲ ತೆರೆದು ಮುಚ್ಚಿದ ಬಾಗಿಲು. ನೀಲಿ ಸಾಲುಗಳು ಮುಗಿದ ಮೇಲೆ ಕೆಂಪು ಶಾಯಿಯಲ್ಲಿ 'ರದ್ದಾದ ಗಾಡಿಗಳು' ಎಂದು ಬರೆದಿತ್ತು. ಅದರ ಕೆಳಗೆ ಮೊದಲನೆಯದೇ: ತೊರಗಲ್ ವಸ್ತಿ, ಸಂಜೆ ಆರೂವರೆ.

ಬಾಯಿಬಿಟ್ಟು ಓದಿದೆ. ಅವರು ಮೊದಲೇ ಹೇಳಿದ್ದರು. ನನ್ನ ಅಡಿಗೆಮನೆಯಲ್ಲೇ, ಅವರ ದುಂಡಗಿನ ಅಕ್ಷರದಲ್ಲೇ ಇತ್ತು. ಆ ಹಾಳೆಯನ್ನು ನಾನು ಓದಿದ್ದೇನೆ, ಆ ಗಾಡಿ ಇಲ್ಲವೆಂದು ಗೊತ್ತಿದ್ದೇ ನಾನು ಅದನ್ನು ಹತ್ತಿದ್ದೇನೆ ಎಂದು ಅವರು ತಿಳಿದಿದ್ದರೋ ಏನೋ. ತಿಳಿದೇ ನನ್ನನ್ನು ಕಿಟಕಿಯ ಹತ್ತಿರ ಕೂಡಿಸಿ ತಾವು ಪಕ್ಕದಲ್ಲಿ ಕುಳಿತಿದ್ದರೋ ಏನೋ. ಈಗ ಕೇಳುವ ಹಾಗಿಲ್ಲ.

ಚಹಾ ಉಕ್ಕಿತು. ಒಲೆ ಆರಿಸಿ, ರೂಢಿಯಂತೆ, ಹನ್ನೊಂದು ಆಗಿದೆಯೇ ಎಂದು ಗಡಿಯಾರ ನೋಡಿದೆ.